ಬಿಸಿಲಿಗೆ ಬಿಟ್ಟ ಫೋಮ್ ಹಲಗೆಯನ್ನು ಮುಚ್ಚಿದ ಕಥೆ: ಒಂದು ಗೋಡೆ, ಒಂದೂವರೆ ತಿಂಗಳು

ಶಾಖ ತಡೆಯಲೆಂದು ಮನೆಯ ಪಡುವಣ ಗೋಡೆಗೆ ಹೊರಗಿನಿಂದ ಫೋಮ್ ಹಲಗೆ ಅಂಟಿಸುವ ಕೆಲಸವನ್ನು ನಾನು ಎರಡೇ ದಿನದಲ್ಲಿ ಮುಗಿಸಿದ್ದೆ. ಗೋಡೆಯ ಉದ್ದ 8.4 ಮೀಟರ್, ಎತ್ತರ 3 ಮೀಟರ್. ಅದರಲ್ಲಿ 1.2 ಮೀಟರ್ ಚೌಕದ ಎರಡು ಕಿಟಕಿಗಳಿವೆ. ಅವನ್ನು ಕಳೆದರೆ ಸುಮಾರು 22 ಚದರ ಮೀಟರ್. ಬಳಸಿದ್ದು 50 ಮಿಲಿಮೀಟರ್ ದಪ್ಪದ, 1200×600 ಅಳತೆಯ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಹಲಗೆ. ಇದು ಬಿಳಿ ಮಣಿಗಳ ಥರ್ಮಾಕೋಲ್ ಅಲ್ಲ. ಅದರ ಸೋದರನೇ, ಆದರೆ ಒತ್ತಾಗಿ, ಮೈ ನುಣುಪಾಗಿ, ತಿಳಿ ನೀಲಿ ಬಣ್ಣದಲ್ಲಿ ಬರುತ್ತದೆ. 34 ಹಲಗೆಗಳು ಹಿಡಿದವು. ಮೇಲಿನ ಲೇಪ ಮುಂದಿನ ವಾರ ಮಾಡಿದರಾಯಿತು ಎಂದುಕೊಂಡೆ. ಆ ಮುಂದಿನ ವಾರ ಬರಲು ನಾಲ್ಕು ತಿಂಗಳು ಹಿಡಿಯಿತು. ಆ ಸೋಮಾರಿತನ ಏನೇನು ತಂದಿತು ಎಂಬುದನ್ನು ದಿನದಿನದ ಟಿಪ್ಪಣಿ ನೋಡಿಕೊಂಡು ಬರೆಯುತ್ತಿದ್ದೇನೆ.

ದಿನ 1: ಅಂಗೈಗೆ ಹತ್ತಿದ ಹಳದಿ ಪುಡಿ

ನೀಲಿ ಹಲಗೆಗಳು ಹಳೆಯ ಕಾಗದದಂತೆ ಹಳದಿಗೆ ತಿರುಗಿದ್ದವು. ಅಂಗೈಯಿಂದ ಸವರಿದರೆ ಮಸಾಲೆ ಡಬ್ಬಿಗೆ ಕೈಹಾಕಿದ ಹಾಗೆ ಹಳದಿ ಪುಡಿ. ಬಿಸಿಲಿನ ನೇರಳಾತೀತ ಕಿರಣ ಪಾಲಿಸ್ಟೈರೀನನ್ನು ಮೇಲಿನಿಂದ ತಿನ್ನುತ್ತಾ ಬರುತ್ತದೆ ಎಂದು ನನಗೆ ಗೊತ್ತಿತ್ತು. ಇಷ್ಟು ಬೇಗ ತಿನ್ನುತ್ತದೆ ಎಂದು ಗೊತ್ತಿರಲಿಲ್ಲ. ಸೂರಿನ ನೆರಳು ಬೀಳುವ ಮೇಲಿನ 40 ಸೆಂಟಿಮೀಟರ್ ಮಾತ್ರ ಇನ್ನೂ ನೀಲಿಯಾಗಿತ್ತು. ನಡುವೆ ಗೆರೆ ಎಳೆದಷ್ಟು ಸ್ಪಷ್ಟ.

ಉಗುರಿನಿಂದ ಕೆರೆದು ನೋಡಿದೆ. ಹಾಳಾಗಿದ್ದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಒಳಗೆ ಹಲಗೆ ಗಟ್ಟಿಯಾಗಿಯೇ ಇತ್ತು. ಸಮಾಧಾನವಾಯಿತು. ಆ ಸಮಾಧಾನವೇ ಮುಂದಿನ ತಪ್ಪಿಗೆ ದಾರಿಯಾಯಿತು.

ಸದ್ಯಕ್ಕೆ ಬಿಸಿಲು ತಡೆಯಲಿ ಎಂದು ಮನೆಯಲ್ಲಿ ಉಳಿದಿದ್ದ ಎಣ್ಣೆ ಬಣ್ಣವನ್ನು ಬಳಿಯೋಣ ಎಂದ ತಮ್ಮ. ಅದೃಷ್ಟಕ್ಕೆ ಮೊದಲು ಒಂದು ಕತ್ತರಿಸಿದ ತುಂಡಿನ ಮೇಲೆ ಬಳಿದೆವು. ಥಿನ್ನರ್ ಬೆರೆಸಿದ್ದ ಬಣ್ಣ. ಐದು ನಿಮಿಷದಲ್ಲಿ ತುಂಡಿನ ಮೈ ಕುಳಿ ಬಿದ್ದು, ಹುಳ ತಿಂದ ಎಲೆಯ ಹಾಗಾಯಿತು. ಥಿನ್ನರ್, ಪೆಟ್ರೋಲ್, ಅಸಿಟೋನ್ ಇರುವ ಯಾವುದೂ ಈ ಹಲಗೆಯ ಹತ್ತಿರ ಬರಬಾರದು. ಬಣ್ಣಕ್ಕೆ ಮಾತ್ರವಲ್ಲ, ಅಂಟಿಗೂ ಸೀಲಂಟಿಗೂ ಇದೇ ಮಾತು. ಡಬ್ಬಿಯ ಮೇಲೆ ಪಾಲಿಸ್ಟೈರೀನಿಗೆ ಹೊಂದುತ್ತದೆ ಎಂದು ಬರೆದಿರದಿದ್ದರೆ ತುಂಡಿನ ಮೇಲೆ ಪರೀಕ್ಷಿಸದೆ ಗೋಡೆಗೆ ಹಚ್ಚಬೇಡಿ.

ದಿನ 2: ಆತುರದ ಎರಡು ಚದರ ಮೀಟರ್

ಪೊರಕೆಯಿಂದ ಪುಡಿ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಎಡಗಡೆಯ ಮೂಲೆಯಲ್ಲಿ ಎರಡು ಚದರ ಮೀಟರಿಗೆ ಬೇಸ್ ಕೋಟ್ ಹಚ್ಚಿದೆ. ಬೇಸ್ ಕೋಟ್ ಎಂದರೆ ಸಿಮೆಂಟು ಮತ್ತು ಪಾಲಿಮರ್ ಬೆರೆತ, ಚೀಲದಲ್ಲಿ ಬರುವ ಸಿದ್ಧ ಗಾರೆ. 25 ಕಿಲೋ ಚೀಲಕ್ಕೆ 5 ಲೀಟರ್ ನೀರು. ಅದರೊಳಗೆ ಫೈಬರ್ ಜಾಲರಿ ಒತ್ತಿ ಕೂರಿಸಿದೆ. ಸಂಜೆಯ ಹೊತ್ತಿಗೆ ನೋಡಲು ಚೆನ್ನಾಗಿತ್ತು. ಫೋಟೋ ಕೂಡ ತೆಗೆದೆ.

ದಿನ 6: ದೋಸೆಯಂತೆ ಎದ್ದು ಬಂತು

ಒಣಗಿದ ಲೇಪವನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಕೆಲವು ಕಡೆ ಗಟ್ಟಿ ಸದ್ದು, ಹೆಚ್ಚಿನ ಕಡೆ ಟೊಳ್ಳು ಸದ್ದು. ಅಂಚಿನಲ್ಲಿ ಹೊರಗುಳಿದಿದ್ದ ಜಾಲರಿಯನ್ನು ಹಿಡಿದು ಎಳೆದೆ. ಕಾವಲಿಯಿಂದ ದೋಸೆ ಏಳುವ ಹಾಗೆ ಇಡೀ ಲೇಪ ಒಂದೇ ಹಾಳೆಯಾಗಿ ಬಂದುಬಿಟ್ಟಿತು. ಹಿಂಬದಿಯಲ್ಲಿ ಹಳದಿ ಪುಡಿ ಹತ್ತಿತ್ತು. ಒಂದು ಚೀಲ ಗಾರೆ ಮತ್ತು ಒಂದು ದಿನದ ದುಡಿಮೆ ನೆಲದ ಮೇಲೆ ಬಿದ್ದಿತ್ತು. ಎಳೆದು ನೋಡದೆ ಮುಂದುವರಿದಿದ್ದರೆ ಇಡೀ ಗೋಡೆಯ ಲೇಪ ಹೀಗೆಯೇ ಎಂದಾದರೊಂದು ದಿನ ಯಾರದೋ ತಲೆಯ ಮೇಲೆ ಬೀಳುತ್ತಿತ್ತು.

ಆದರೆ ಒಂದು ವಿಷಯ ಕಾಡಿತು. ಸೂರಿನ ಕೆಳಗಿನ ನೀಲಿ ಭಾಗದಲ್ಲಿ ಪುಡಿಯೇ ಇರಲಿಲ್ಲ. ಅಲ್ಲಿಯೂ ಲೇಪ ಎದ್ದು ಬಂದಿತ್ತು, ಅದೂ ಹಿಂಬದಿ ಚೊಕ್ಕಟವಾಗಿ. ಹಾಗಾದರೆ ಪುಡಿಯೊಂದೇ ಅಪರಾಧಿಯಲ್ಲ.

ದಿನ 7: ನಾಲ್ಕು ತೇಪೆ

ಈ ಸಲ ಗೋಡೆ ಮುಟ್ಟದೆ, ಉಳಿದ ತುಂಡುಗಳ ಮೇಲೆ 20 ಸೆಂಟಿಮೀಟರ್ ಚೌಕದ ನಾಲ್ಕು ತೇಪೆ ಹಾಕಿದೆ. ಪ್ರತಿಯೊಂದರಲ್ಲೂ ಜಾಲರಿಯ ಬಾಲ ಹೊರಗೆ ಬಿಟ್ಟಿದ್ದೆ, ಎಳೆಯಲು ಅನುಕೂಲವಾಗಲಿ ಎಂದು.

ಮೊದಲನೆಯದು ಬಿಸಿಲಿಗೆ ಹಳದಿಯಾದ ತುಂಡು, ಬರೀ ಒರೆಸಿದ್ದು. ಎರಡನೆಯದು ಕೋಣೆಯೊಳಗೆ ಇಟ್ಟಿದ್ದ ಹೊಸ ತುಂಡು, ನುಣುಪು ಮೈ ಹಾಗೆಯೇ. ಮೂರನೆಯದು ಹಳದಿ ತುಂಡನ್ನು ತಂತಿ ಬ್ರಷ್‌ನಿಂದ ಉಜ್ಜಿದ್ದು. ನಾಲ್ಕನೆಯದು ಹಳದಿ ತುಂಡನ್ನು 40 ನಂಬರಿನ ಉಪ್ಪುಕಾಗದದಿಂದ ನೀಲಿ ಕಾಣುವವರೆಗೆ ಉಜ್ಜಿ, ಪುಡಿ ಊದಿ ತೆಗೆದದ್ದು.

ದಿನ 10: ಎಳೆದು ನೋಡಿದ್ದು

ಮೊದಲನೆಯದು ನಿರೀಕ್ಷೆಯಂತೆ ಕೈಗೆ ಬಂತು. ಎರಡನೆಯದು ಸ್ವಲ್ಪ ಜಗ್ಗಾಡಿ, ಕೊನೆಗೆ ಅದೂ ಚೊಕ್ಕಟವಾಗಿ ಬಂತು. ಅಂದರೆ ಎಕ್ಸ್‌ಪಿಎಸ್ ಹಲಗೆಯ ಹುಟ್ಟುಮೈಯೇ ಗಾರೆಗೆ ಹಿಡಿತ ಕೊಡುವುದಿಲ್ಲ. ಮೂರನೆಯದು ಅರ್ಧಂಬರ್ಧ. ತಂತಿ ಬ್ರಷ್ ಕೆಲವು ಕಡೆ ಆಳವಾಗಿ ಗೀರಿತ್ತು, ಗೀರುಗಳ ನಡುವೆ ಪುಡಿ ಹಾಗೆಯೇ ಉಳಿದಿತ್ತು. ನಾಲ್ಕನೆಯದನ್ನು ಎಳೆದಾಗ ಗಾರೆಯ ಬೆನ್ನಿಗೆ ನೀಲಿ ಫೋಮ್ ಅಂಟಿಕೊಂಡೇ ಕಿತ್ತು ಬಂತು. ಬೇಕಾಗಿದ್ದು ಇದೇ: ಅಂಟು ಬಿಡಬಾರದು, ಬಿಡುವುದಾದರೆ ಫೋಮ್ ಹರಿಯಬೇಕು.

ಈ ನಾಲ್ಕು ತೇಪೆಗಳಿಗೆ ಖರ್ಚಾಗಿದ್ದು ಒಂದು ತಂಬಿಗೆ ಗಾರೆ ಮತ್ತು ಮೂರು ದಿನದ ಕಾಯುವಿಕೆ. ಇದನ್ನು ಎರಡನೆಯ ದಿನವೇ ಮಾಡಬಹುದಿತ್ತು.

ದಿನ 11, 12: ಉಜ್ಜುವುದು

40 ಸೆಂಟಿಮೀಟರ್ ಉದ್ದದ ಮರದ ಹಲಗೆಗೆ 40 ನಂಬರಿನ ಉಪ್ಪುಕಾಗದ ಅಂಟಿಸಿ, ಹಿಂದೆ ಹಿಡಿ ಹೊಡೆದೆ. ಚಿಕ್ಕ ತುಂಡಿನಿಂದ ಉಜ್ಜಿದರೆ ಗುಂಡಿ ಬೀಳುತ್ತದೆ. ಉದ್ದನೆಯದು ಉಬ್ಬನ್ನು ಮಾತ್ರ ತೆಗೆಯುತ್ತದೆ, ಎರಡು ಹಲಗೆ ಸೇರುವಲ್ಲಿನ ಏರುತಗ್ಗು ಅದರಿಂದಲೇ ಸಮವಾಯಿತು. ವೃತ್ತಾಕಾರವಾಗಿ ಉಜ್ಜಬೇಕು.

22 ಚದರ ಮೀಟರಿಗೆ ಇಬ್ಬರಿಗೆ ಒಂದೂವರೆ ದಿನ. ಪುಡಿ ಎಲ್ಲೆಲ್ಲೂ. ಮುಖಗವಸು ಮತ್ತು ಕನ್ನಡಕ ಹಾಕಿದ್ದೆವು, ಆದರೂ ಕಿವಿಯೊಳಗೆ ಹೊಕ್ಕಿತು. ನೆಲಕ್ಕೆ ಟಾರ್ಪಾಲಿನ್ ಹಾಸಿದ್ದು ಜಾಣತನ. ಗಾಳಿಯಿರುವ ದಿನ ಶುರುಮಾಡಿದ್ದು ದಡ್ಡತನ. ಪಕ್ಕದ ಮನೆಯ ಗಿಡಗಳ ಮೇಲೆ ಕೂತ ನೀಲಿ ಹುಡಿಯನ್ನು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದುಕೊಳ್ಳಬೇಕಾಯಿತು. ಇದು ಪ್ಲಾಸ್ಟಿಕ್, ಮಳೆನೀರಿನೊಂದಿಗೆ ಚರಂಡಿ ಸೇರಿದರೆ ಅಲ್ಲಿಂದ ಎಲ್ಲಿಗೋ.

ಉಜ್ಜಿದ ಮೇಲೆ ಮತ್ತೆ ಬಿಸಿಲಿಗೆ ಬಿಡುವ ಧೈರ್ಯ ಇರಲಿಲ್ಲ. ಸೂರಿನಿಂದ ಹಸಿರು ನೆರಳು ಬಲೆ ಇಳಿಬಿಟ್ಟೆವು.

ದಿನ 13: ಸಂದುಗಳು

ಹಲಗೆಗಳ ನಡುವೆ 2ರಿಂದ 8 ಮಿಲಿಮೀಟರ್ ಸಂದುಗಳಿದ್ದವು. ಕೆಲವು ನಾನು ಸರಿಯಾಗಿ ಕೂಡಿಸದ್ದರಿಂದ, ಕೆಲವು ಹಲಗೆಗಳೇ ಹಿಗ್ಗಿ ಕುಗ್ಗಿದ್ದರಿಂದ. 1.2 ಮೀಟರ್ ಉದ್ದದ ಹಲಗೆ 40 ಡಿಗ್ರಿ ವ್ಯತ್ಯಾಸಕ್ಕೆ ಮೂರು ಮಿಲಿಮೀಟರಿಗಿಂತ ಹೆಚ್ಚು ಅಳತೆ ಬದಲಿಸುತ್ತದೆ. ಬಯಲಲ್ಲಿ ಬಿಟ್ಟ ನಾಲ್ಕು ತಿಂಗಳಲ್ಲಿ ದಿನಕ್ಕೊಮ್ಮೆ ಈ ವ್ಯಾಯಾಮ ನಡೆದಿತ್ತು.

ಹಿಂದೆ ಎರಡು ಸಂದುಗಳಿಗೆ ಗಾರೆ ತುಂಬಿದ್ದೆ. ಅದು ತಪ್ಪು. ಗಾರೆ ಶಾಖವನ್ನು ಒಳಕ್ಕೆ ಸಾಗಿಸುವ ದಾರಿಯಾಗುತ್ತದೆ, ಮೇಲಿನ ಲೇಪ ಬಿರಿಯಲೂ ಕಾರಣವಾಗುತ್ತದೆ. ಕೆತ್ತಿ ತೆಗೆದೆ. ಅಗಲ ಸಂದಿಗೆ ಅದೇ ಹಲಗೆಯ ಬೆಣೆ ಕತ್ತರಿಸಿ ತುರುಕಿದೆ, ಕಿರಿದಾದವಕ್ಕೆ ಸ್ಪ್ರೇ ಫೋಮ್.

ಅಲ್ಲೂ ಒಂದು ಎಡವಟ್ಟು. ಮೊದಲ ಕ್ಯಾನ್ ಸಾಮಾನ್ಯ ಸ್ಪ್ರೇ ಫೋಮ್. ಅದು ಉಬ್ಬಿ ಉಬ್ಬಿ, ಕಿಟಕಿಯ ಪಕ್ಕದ ಕಿರಿದಾದ ಪಟ್ಟಿಯೊಂದನ್ನು 4 ಮಿಲಿಮೀಟರ್ ಹೊರಕ್ಕೆ ತಳ್ಳಿತು. ಕಡಿಮೆ ಉಬ್ಬುವ, ಕಿಟಕಿ ಬಾಗಿಲಿಗೆಂದೇ ಮಾರುವ ಬಗೆಯನ್ನು ಮರುದಿನ ತಂದೆ. ಹೆಚ್ಚುವರಿ ಫೋಮನ್ನು ಪೂರ್ತಿ ಗಟ್ಟಿಯಾದ ಮೇಲೆ ಚಾಕುವಿನಿಂದ ಕತ್ತರಿಸಬೇಕು. ಹಸಿಯಿದ್ದಾಗ ಒರೆಸಲು ಹೋದರೆ ಅದು ಕೈಯಿಂದ ಒಂದು ವಾರ ಹೋಗುವುದಿಲ್ಲ.

ದಿನ 14: ಅಣಬೆಗಳು

ಹಲಗೆಯನ್ನು ಇಟ್ಟಿಗೆಗೆ ಬಿಗಿಯುವ ಅಗಲ ತಲೆಯ ಪ್ಲಾಸ್ಟಿಕ್ ಆ್ಯಂಕರ್‌ಗಳನ್ನು ನಾವು ಅಣಬೆ ಎಂದೇ ಕರೆಯುತ್ತಿದ್ದೆವು. ಚದರ ಮೀಟರಿಗೆ ಐದರಂತೆ 110 ಬೇಕು. ನಾನು ತಂದಿದ್ದು 90 ಮಿಲಿಮೀಟರ್ ಉದ್ದದವು. ಮೂವತ್ತು ಹೊಡೆದ ಮೇಲೆ ಒಂದನ್ನು ಸುಮ್ಮನೆ ಜಗ್ಗಿದೆ, ಕೈಗೇ ಬಂತು. ಆಗ ಕುಳಿತು ಲೆಕ್ಕ ಹಾಕಿದೆ: ಹಲಗೆ 50, ಅಂಟುಗಾರೆ 10, ಹಳೆಯ ಪ್ಲಾಸ್ಟರ್ 15. ಇಟ್ಟಿಗೆಗೆ ಉಳಿದದ್ದು 15 ಮಿಲಿಮೀಟರ್. ಹಿಡಿತ ಎಲ್ಲಿಂದ ಬರಬೇಕು? 120 ಮಿಲಿಮೀಟರಿನವನ್ನು ತಂದು, ಬೇರೆ ಜಾಗದಲ್ಲಿ ತೂತು ಕೊರೆದು ಹೊಡೆದೆ. ಹಳೆಯ ತೂತುಗಳಿಗೆ ಸ್ಪ್ರೇ ಫೋಮ್.

ಅಣಬೆಯ ತಲೆ ಹಲಗೆಯ ಮಟ್ಟಕ್ಕೆ ಸರಿಯಾಗಿ ಕೂರಬೇಕು. ತಮ್ಮ ಹುರುಪಿನಲ್ಲಿ ಹೊಡೆದ ಆರೇಳು ಅರ್ಧ ಸೆಂಟಿಮೀಟರ್ ಒಳಗೆ ಹೋಗಿ, ಸುತ್ತ ಬಟ್ಟಲಿನಂತೆ ತಗ್ಗಾಯಿತು. ಆ ತಗ್ಗುಗಳಿಗೆ ಎರಡು ಸಲ ಗಾರೆ ತುಂಬಬೇಕಾಯಿತು.

ದಿನ 15, 16: ಬುಡದಲ್ಲಿ ಇರುವೆ

ಹಲಗೆಗಳನ್ನು ನಾನು ಮಣ್ಣಿನವರೆಗೂ ಇಳಿಸಿದ್ದೆ. ಬುಡದ ಒಂದು ಹಲಗೆಯನ್ನು ಒತ್ತಿದರೆ ಮೆತ್ತಗಾಯಿತು. ಕತ್ತರಿಸಿ ನೋಡಿದರೆ ಒಳಗೆ ಇರುವೆಗಳು ಸುರಂಗ ಕೊರೆದು, ಓಣಿ ಓಣಿಯಾಗಿ ಊರು ಕಟ್ಟಿದ್ದವು. ಅವು ಫೋಮನ್ನು ತಿನ್ನುವುದಿಲ್ಲ, ಕೊರೆದು ಹೊರಗೆ ಹಾಕುತ್ತವೆ. ಬೆಚ್ಚಗಿನ, ಒಣಗಿದ, ಸುಲಭವಾಗಿ ಕೊರೆಯಬಹುದಾದ ಜಾಗ ಯಾರಿಗೆ ಬೇಡ? ಗೆದ್ದಲು ಬಂದರೆ ಇನ್ನೂ ಕಷ್ಟ. ಹಲಗೆಯ ಹಿಂದೆಯೇ ಮೇಲೇರಿ, ಮರದ ಚೌಕಟ್ಟು ಸೇರಿದರೂ ಹೊರಗೆ ಗೊತ್ತಾಗುವುದಿಲ್ಲ.

ಗೋಡೆಯುದ್ದಕ್ಕೂ ರಸಮಟ್ಟ ಹಿಡಿದು ಗೆರೆ ಎಳೆದು, ನೆಲದಿಂದ 15 ಸೆಂಟಿಮೀಟರ್ ಎತ್ತರದವರೆಗೆ ಹಲಗೆ ಕತ್ತರಿಸಿ ತೆಗೆದೆ. ಇಷ್ಟು ಗೋಡೆ ಬರಿದಾಗಿ ಕಾಣುತ್ತಿದ್ದರೆ ಗೆದ್ದಲಿನ ಮಣ್ಣುದಾರಿ ಕಣ್ಣಿಗೆ ಬೀಳುತ್ತದೆ, ಮಳೆಯ ಹನಿ ಸಿಡಿಯುವ ಜಾಗದಲ್ಲಿ ಫೋಮ್ ಇರುವುದೂ ಇಲ್ಲ. ಆ 15 ಸೆಂಟಿಮೀಟರಿನಲ್ಲಿ ಶಾಖ ತಡೆ ಇಲ್ಲದಂತಾಯಿತು, ನಿಜ. ಅದಕ್ಕೆ ನಾನು ಒಪ್ಪಿಕೊಂಡೆ.

ಕತ್ತರಿಸಿದ ಕೆಳ ಅಂಚಿಗೆ ಜಾಲರಿ ಅಂಟಿಸಿದ ಎಲ್ ಆಕಾರದ ಪಿವಿಸಿ ಪಟ್ಟಿ, ತುದಿಯಲ್ಲಿ ನೀರು ತೊಟ್ಟಿಕ್ಕುವ ಮೂಗಿನೊಂದಿಗೆ. ಅಲ್ಯೂಮಿನಿಯಂ ಪಟ್ಟಿ ಕೈಯಲ್ಲಿತ್ತು, ಆದರೆ ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಅದನ್ನು ಬದಿಗಿಟ್ಟೆ.

ದಿನ 17: ಕಿಟಕಿಯ ಮೂಲೆಗಳು

ಗೋಡೆಯ ಎರಡು ಅಂಚಿಗೂ ಕಿಟಕಿಗಳ ಸುತ್ತಲೂ ಜಾಲರಿಯುಳ್ಳ ಮೂಲೆಪಟ್ಟಿ ಕೂರಿಸಿದೆ. ಕಿಟಕಿಯ ನಾಲ್ಕು ಮೂಲೆಗಳಲ್ಲಿ 20×30 ಸೆಂಟಿಮೀಟರಿನ ಜಾಲರಿ ತುಂಡನ್ನು ಓರೆಯಾಗಿ, 45 ಡಿಗ್ರಿಯಲ್ಲಿ, ಮುಖ್ಯ ಜಾಲರಿಗಿಂತ ಮೊದಲೇ ಗಾರೆಯಲ್ಲಿ ಒತ್ತಬೇಕು. ಬಿರುಕು ಹುಟ್ಟುವುದು ಅಲ್ಲಿಂದಲೇ. ಎರಡು ಕಿಟಕಿಗೆ ಎಂಟು ತುಂಡು ಕತ್ತರಿಸಿಟ್ಟಿದ್ದೆ. ಒಂದು ಗಾಳಿಗೆ ಹಾರಿ ನೀರಿನ ಬಕೆಟ್ಟಿಗೆ ಬಿತ್ತು. ಕತ್ತಲಾಗುತ್ತಿತ್ತು. ಏಳು ಹಚ್ಚಿ, ಎಂಟನೆಯದನ್ನು ನಾಳೆ ನೋಡಿಕೊಳ್ಳೋಣ ಎಂದುಕೊಂಡೆ. ಬಲಗಡೆಯ ಕಿಟಕಿಯ ಕೆಳಗಿನ ಎಡಮೂಲೆ. ನೆನಪಿನಲ್ಲಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ.

ದಿನ 18ರಿಂದ 20: ಬೇಸ್ ಕೋಟ್, ಈ ಸಲ ನಿಜವಾಗಿ

ಕಡಿಮೆ ವೇಗದಲ್ಲಿ ಡ್ರಿಲ್ಲಿನಿಂದ ಕಲಸಿ, ಐದು ನಿಮಿಷ ಬಿಟ್ಟು, ಮತ್ತೊಮ್ಮೆ ಕಲಸಬೇಕು. ಗಟ್ಟಿಯಾಗತೊಡಗಿದ ಮೇಲೆ ನೀರು ಸೇರಿಸಬಾರದು. 10 ಮಿಲಿಮೀಟರ್ ಹಲ್ಲಿನ ಕರಣೆಯಿಂದ ಗಾರೆ ಎಳೆದು, ಒಂದು ಮೀಟರ್ ಅಗಲದ ಜಾಲರಿಯನ್ನು ಮೇಲಿನಿಂದ ಇಳಿಬಿಟ್ಟು, ನಡುವಿನಿಂದ ಅಂಚಿಗೆ ಒತ್ತುತ್ತಾ ಬಂದೆವು. ಪಕ್ಕದ ಪಟ್ಟಿಯ ಮೇಲೆ 10 ಸೆಂಟಿಮೀಟರ್ ಹೊದಿಕೆ. ಅದು ಹಸಿಯಿರುವಾಗಲೇ ಮೇಲೆ ತೆಳುವಾಗಿ ಇನ್ನೊಂದು ಕೈ. ಒಟ್ಟು ದಪ್ಪ 4ರಿಂದ 5 ಮಿಲಿಮೀಟರ್.

ಜಾಲರಿ ಇರಬೇಕಾದದ್ದು ಗಾರೆಯ ಹೊರ ಅರ್ಧದಲ್ಲಿ. ಮೊದಲ ದಿನ ಬೆಳಗ್ಗೆ ತಮ್ಮ ಜಾಲರಿಯನ್ನು ಸೀದಾ ಹಲಗೆಗೆ ಪಿನ್ ಹೊಡೆದು, ಅದರ ಮೇಲೆ ಗಾರೆ ಬಳಿಯಲು ಹೊರಟಿದ್ದ. ಹಾಗೆ ಮಾಡಿದರೆ ಜಾಲರಿ ಗಾರೆಯ ಹಿಂದೆ ಬಿದ್ದು, ಇದ್ದೂ ಇಲ್ಲದಂತಾಗುತ್ತದೆ. ಪೂರ್ತಿ ಒಂದು ಪಟ್ಟಿಯನ್ನು ಕಿತ್ತು ಮತ್ತೆ ಮಾಡಿದೆವು. ಅವನಿಗೆ ಬೇಸರವಾಯಿತು, ಎರಡು ಗಂಟೆ ಮಾತಿಲ್ಲ. ಒಪ್ಪಿಕೊಳ್ಳಬೇಕು, ಮೊದಲೇ ಹೇಳದಿದ್ದದ್ದು ನನ್ನ ತಪ್ಪು.

ಮಧ್ಯಾಹ್ನ ಎರಡರ ನಂತರ ಪಡುವಣ ಬಿಸಿಲು ನೇರ ಗೋಡೆಗೆ ಹೊಡೆಯುತ್ತದೆ. ನೆರಳು ಬಲೆಯಿದ್ದರೂ ಗಾರೆ ಕರಣೆಯ ಕೆಳಗೇ ಒಣಗುತ್ತಿತ್ತು. ಎರಡನೆಯ ದಿನದಿಂದ ಬೆಳಗಿನ ಹೊತ್ತು ಮಾತ್ರ ಕೆಲಸ. ಕೆಳಗಿನ 60 ಸೆಂಟಿಮೀಟರಿಗೆ ಜಾಲರಿ ಎರಡು ಪದರ, ಚೆಂಡು, ಸೈಕಲ್ಲು, ಏಣಿಯ ಕಾಲು ತಗಲುವ ಜಾಗ ಅದು.

ಚೀಲಗಳ ಲೆಕ್ಕ: ಗೋಡೆಗೆ 7, ದಂಡವಾದದ್ದು 1. ಜಾಲರಿ 50 ಮೀಟರಿನ ಒಂದು ಸುರುಳಿಯಲ್ಲಿ ಎಲ್ಲವೂ ಮುಗಿದು ಸ್ವಲ್ಪ ಉಳಿಯಿತು.

ದಿನ 23: ಮಳೆ ತೋರಿಸಿಕೊಟ್ಟದ್ದು

ರಾತ್ರಿ ಮಳೆ ಬಂತು. ಬೆಳಗ್ಗೆ ಎರಡೂ ಕಿಟಕಿಗಳ ಕೆಳಗೆ ಕಪ್ಪಗೆ ಒದ್ದೆ ಪಟ್ಟೆ. ಕಾರಣ ನೋಡಿದಾಗ ನನಗೇ ನಾಚಿಕೆಯಾಯಿತು. ಕಿಟಕಿಯ ಬುಡದ ಹಳೆಯ ಕಲ್ಲಿನ ಹಾಸು ಗೋಡೆಯಿಂದ 40 ಮಿಲಿಮೀಟರ್ ಹೊರಗಿತ್ತು. ಈಗ ಗೋಡೆಯೇ 65 ಮಿಲಿಮೀಟರ್ ದಪ್ಪವಾಗಿದೆ. ಹಾಸು ಗೋಡೆಯೊಳಗೆ ಮುಳುಗಿಹೋಗಿ, ಅದರ ಮೇಲೆ ಬಿದ್ದ ನೀರೆಲ್ಲ ಹಲಗೆಯ ಹಿಂದಕ್ಕೆ ಇಳಿಯುವ ಹಾಗಾಗಿತ್ತು. ಹಲಗೆ ಅಂಟಿಸುವ ಮೊದಲೇ ಯೋಚಿಸಬೇಕಿದ್ದ ವಿಷಯ.

ಬಣ್ಣ ಹಚ್ಚಿದ ಉಕ್ಕಿನ ತಗಡನ್ನು ಮಡಿಸಿ ಹೊಸ ಹಾಸು ಮಾಡಿಸಿದೆ. ಹೊರಕ್ಕೆ 5 ಡಿಗ್ರಿ ಇಳಿಜಾರು, ಮುಗಿದ ಗೋಡೆಗಿಂತ 35 ಮಿಲಿಮೀಟರ್ ಮುಂದೆ, ಎರಡು ತುದಿಯಲ್ಲೂ ಮೇಲಕ್ಕೆ ಮಡಿಕೆ. ಹಾಸಿನ ತುದಿಗೂ ಕಿಟಕಿ ಚೌಕಟ್ಟಿಗೂ ಫೋಮಿನ ಹಗ್ಗ ತುರುಕಿ, ಅದರ ಮೇಲೆ ಪಾಲಿಯುರೆಥೇನ್ ಸೀಲಂಟ್. ಸಿಲಿಕೋನ್ ಬಳಸಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದಾದ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿದೆ. ನೀರು ಹಾಸಿನ ಮೂಗಿನಿಂದ ನೇರ ನೆಲಕ್ಕೆ ಬಿತ್ತು.

ದಿನ 30, 31: ಪ್ರೈಮರ್ ಮತ್ತು ಟೆಕ್ಸ್ಚರ್

ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ದಿನ ಒಣಗಿಸಬೇಕು ಎಂಬ ಲೆಕ್ಕಕ್ಕೆ ಮಳೆಯ ದಿನಗಳನ್ನು ಸೇರಿಸಿ ಹತ್ತು ದಿನ ಬಿಟ್ಟೆ. ಪ್ರೈಮರ್ ಒಂದು ಕೈ.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಜಗಳವೇ ನಡೆಯಿತು. ತಮ್ಮನಿಗೆ ಕಡು ಬೂದು ಬೇಕು. ಆದರೆ ಹಿಂದೆ ಫೋಮ್ ಇರುವುದರಿಂದ ಲೇಪದ ಬಿಸಿ ಗೋಡೆಯೊಳಗೆ ಇಳಿಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಎಕ್ಸ್‌ಪಿಎಸ್ ತಾಳಿಕೊಳ್ಳುವುದು ಸುಮಾರು 75 ಡಿಗ್ರಿಯವರೆಗೆ. ಕಡು ಬಣ್ಣದ ಪಡುವಣ ಗೋಡೆ ಆ ಮಿತಿಯ ಹತ್ತಿರಕ್ಕೆ ಹೋಗಬಲ್ಲದು. ಅಮ್ಮ "ತಿಳಿ ಬಣ್ಣವೇ ಇರಲಿ, ಧೂಳು ಕಂಡರೆ ನೀನೇ ತೊಳೆ" ಎಂದು ನನಗೆ ಹೇಳಿ ತೀರ್ಪು ಕೊಟ್ಟರು. ತಿಳಿ ಮಣ್ಣಿನ ಬಣ್ಣ ಆಯಿತು.

ಟೆಕ್ಸ್ಚರ್ ಎಂದರೆ ಕೊನೆಯ ತರಿತರಿ ಬಣ್ಣದ ಲೇಪ. 1.5 ಮಿಲಿಮೀಟರ್ ಕಾಳಿನದು, 25 ಕಿಲೋದ ಮೂರು ಬಕೆಟ್. ಒಬ್ಬ ಹಚ್ಚುತ್ತಾ ಹೋಗಬೇಕು, ಇನ್ನೊಬ್ಬ ಹಿಂದೆಯೇ ಪ್ಲಾಸ್ಟಿಕ್ ಹಲಗೆಯಿಂದ ಸುತ್ತಿಸಬೇಕು, ಅಂಚು ಒಣಗುವ ಮೊದಲೇ ಮುಂದಿನದು ಸೇರಬೇಕು. ಗೋಡೆಯ ಮುಕ್ಕಾಲು ಭಾಗ ಮುಗಿದಾಗ ತಮ್ಮನಿಗೆ ಫೋನ್ ಬಂತು. ಇಪ್ಪತ್ತು ನಿಮಿಷ. ಬಲಗಡೆಯ ಕಿಟಕಿಯ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಶಾಶ್ವತವಾಗಿ ಉಳಿಯಿತು. ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ. ನನಗೆ ಯಾವಾಗಲೂ ಕಾಣುತ್ತದೆ.

ದಿನ 45: ಎಂಟನೆಯ ತುಂಡು

ಬಲ ಕಿಟಕಿಯ ಕೆಳಗಿನ ಎಡಮೂಲೆಯಿಂದ ಓರೆಯಾಗಿ 18 ಸೆಂಟಿಮೀಟರ್ ಕೂದಲೆಳೆಯ ಬಿರುಕು. ಉಳಿದ ಏಳು ಮೂಲೆಗಳು ನೆಟ್ಟಗಿವೆ. ಅಲ್ಲಿ ಹಲಗೆಯ ಸಂದೂ ಮೂಲೆಗೆ ಸರಿಯಾಗಿ ಬಂದಿತ್ತು. ಕಿಟಕಿಯ ಸುತ್ತ ಇಡೀ ಹಲಗೆಯನ್ನು ಎಲ್ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದರೆ ಸಂದು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಟೆಕ್ಸ್ಚರನ್ನು 30×40 ಸೆಂಟಿಮೀಟರ್ ಅಳತೆಗೆ ಉಜ್ಜಿ ತೆಗೆದು, ಬೇಸ್ ಕೋಟ್ ಹಚ್ಚಿ, ಓರೆ ಜಾಲರಿ ಒತ್ತಿ, ಒಣಗಿದ ಮೇಲೆ ಮತ್ತೆ ಟೆಕ್ಸ್ಚರ್. ತೇಪೆ ತೇಪೆಯಂತೆಯೇ ಕಾಣುತ್ತದೆ.

ಖರ್ಚಿನ ಮಾತು: ಹಲಗೆಗಳಿಗೆ ಒಂದು ಪಾಲು ಹಣ ಹೋಗಿದ್ದರೆ, ಅವನ್ನು ಮುಚ್ಚಲು ಒಂದೂಮುಕ್ಕಾಲು ಪಾಲು ಹೋಯಿತು. ಅದರಲ್ಲಿ ಕಾಲು ಪಾಲು ನನ್ನ ತಪ್ಪುಗಳದ್ದು.

ಬಾಕಿ ಇರುವುದು ಹೊರಗಿನ ದೀಪ. ಅದರ ಸ್ಕ್ರೂ 40 ಮಿಲಿಮೀಟರ್, ಗೋಡೆ ಈಗ 65 ಮಿಲಿಮೀಟರ್ ಒಳಗಿದೆ. ಹಲಗೆ ಅಂಟಿಸುವಾಗಲೇ ಅಲ್ಲೊಂದು ಮರದ ತುಂಡು ಕೂರಿಸಬೇಕಿತ್ತು. ಉದ್ದ ಸ್ಕ್ರೂ ಹಾಕಿ ಬಿಗಿದರೆ ಫೋಮ್ ಅದುಮಿ ಲೇಪ ಬಿರಿಯುತ್ತದೆ, ಹಾಗಾಗಿ ಗೋಡೆಯವರೆಗೆ ತಲುಪುವ ಪೊಳ್ಳು ಕೊಳವೆಯೊಂದನ್ನು ಸ್ಕ್ರೂವಿಗೆ ತೊಡಿಸುವ ಯೋಚನೆಯಿದೆ. ಸದ್ಯಕ್ಕೆ ಆ ವೈರಿಗೆ ಬರುವ ವಿದ್ಯುತ್ತನ್ನು ಒಳಗಿನಿಂದಲೇ ಕಡಿದು, ತುದಿಗಳನ್ನು ಮುಚ್ಚಿ, ದೀಪವನ್ನು ಕಪಾಟಿನಲ್ಲಿಟ್ಟಿದ್ದೇನೆ. ಯಾವಾಗ ಹಾಕುತ್ತೀಯ ಎಂದು ಅಮ್ಮ ಕೇಳಿದರು. ಮುಂದಿನ ವಾರ ಎಂದೆ.